ಫ್ರೆಂಚ್ ತರಗತಿಯಲ್ಲಿ ಶಿಸ್ತು ಮತ್ತು ಪರಿಪಾಠ: ಮಕ್ಕಳನ್ನು ಯಾವ ಭಾಷೆಯಲ್ಲಿ ತಿದ್ದಬೇಕು?

ಬ್ರ್ಯಾಂಪ್ಟನ್ ಕನ್ನಡತಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಕೆನಡಾದ ಒಂಟಾರಿಯೊ ಪ್ರಾಂತ್ಯದ ಒಂದು ಸಾರ್ವಜನಿಕ ಶಾಲೆಯಲ್ಲಿ ಕೋರ್ ಫ್ರೆಂಚ್ (ಫ್ರೆಂಚನ್ನು ಒಂದು ವಿಷಯವಾಗಿ ಮಾತ್ರ ಕಲಿಸುವ ಪಾಠ) ಕಲಿಸುತ್ತಿದ್ದೇನೆ. ಇಲ್ಲಿನ ವ್ಯವಸ್ಥೆ ಗೊತ್ತಿಲ್ಲದವರಿಗಾಗಿ ಮೊದಲು ಎರಡು ಮಾತು. ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ 4ನೇ ತರಗತಿಯಿಂದ 8ನೇ ತರಗತಿಯವರೆಗೆ ಫ್ರೆಂಚ್ ಕಡ್ಡಾಯ ವಿಷಯವಾಗಿದ್ದು, 8ನೇ ತರಗತಿ ಮುಗಿಯುವ ಹೊತ್ತಿಗೆ ಪ್ರತಿ ವಿದ್ಯಾರ್ಥಿಗೂ ಕನಿಷ್ಠ 600 ಗಂಟೆಗಳ ಪಾಠ ಆಗಿರಬೇಕೆಂಬ ನಿಯಮವಿದೆ. ನಮ್ಮ ಶಾಲೆಯಲ್ಲಿ ಇದು ದಿನಕ್ಕೆ 40 ನಿಮಿಷಗಳ ಒಂದು ಪೀರಿಯಡ್ ಆಗಿ ಹಂಚಿಹೋಗಿದೆ.

ನನಗೆ ಸ್ವಂತ ಕೋಣೆಯಿಲ್ಲ. ಪುಸ್ತಕ, ಚಿತ್ರಪಟ, ಸ್ಪೀಕರ್ ಎಲ್ಲವನ್ನೂ ಒಂದು ತಳ್ಳುಗಾಡಿಯಲ್ಲಿ ಹಾಕಿಕೊಂಡು ಕೋಣೆಯಿಂದ ಕೋಣೆಗೆ ಹೋಗುತ್ತೇನೆ. ನಾನು ಒಳಗೆ ಕಾಲಿಡುತ್ತಿದ್ದಂತೆ ಆ ತರಗತಿಯ ಹೋಮ್‌ರೂಮ್ ಟೀಚರ್, ಎಂದರೆ ಕ್ಲಾಸ್ ಟೀಚರ್, ಹೊರಗೆ ಹೋಗುತ್ತಾರೆ, ಏಕೆಂದರೆ ಅವರಿಗೆ ಅದು ಪಾಠ ತಯಾರಿಯ ಬಿಡುವು. ಮಕ್ಕಳಿಗೂ ಅದು ಬಿಡುವಿನಂತೆಯೇ ಕಾಣುತ್ತದೆ. 4ನೇ ತರಗತಿಯ ಮಕ್ಕಳು ಹೊಸ ಭಾಷೆಯ ಉತ್ಸಾಹದಲ್ಲಿ ಹೇಳಿದ್ದೆಲ್ಲ ಮಾಡುತ್ತಾರೆ. ತೊಡಕಿರುವುದು 7 ಮತ್ತು 8ನೇ ತರಗತಿಗಳಲ್ಲಿ. ಅಲ್ಲಿ ಮೊದಲ ಹತ್ತು ನಿಮಿಷ ಕೇವಲ ಕೂರಿಸುವುದರಲ್ಲಿ ಕಳೆಯುತ್ತದೆ. ಫ್ರೆಂಚಿನಲ್ಲಿ ಗದರಿದರೆ ಅರ್ಥವಾಗದೆ ನಗುತ್ತಾರೆ. ಇಂಗ್ಲಿಷಿನಲ್ಲಿ ಗದರಿದರೆ ಸುಮ್ಮನಾಗುತ್ತಾರೆ, ಆದರೆ ಅಲ್ಲಿಂದ ಮುಂದೆ ಇಡೀ ಪೀರಿಯಡ್ ಇಂಗ್ಲಿಷಿಗೆ ಜಾರಿಬಿಡುತ್ತದೆ.

ನಾವು ಕರ್ನಾಟಕದಲ್ಲಿ ಓದುವಾಗ ಟೀಚರ್ ಬಂದರೆ ಎಲ್ಲರೂ ಎದ್ದು ನಿಂತು ನಮಸ್ತೆ ಹೇಳುತ್ತಿದ್ದೆವು, ಪಾಠಕ್ಕೊಂದು ಸಿದ್ಧ ಆರಂಭವಿರುತ್ತಿತ್ತು. ಇಲ್ಲಿ ಅದನ್ನು ನಾನೇ ಕಟ್ಟಬೇಕಾಗಿದೆ. ಅಂಕ ಕೊಟ್ಟು ಚಾಕೊಲೇಟ್ ಹಂಚುವ ಸಲಹೆಯನ್ನು ಕೆಲವರು ಕೊಟ್ಟಿದ್ದಾರೆ, ನನಗೆ ಅದರಲ್ಲಿ ಮನಸ್ಸಿಲ್ಲ. ಬೇರೆಯವರ ಕೋಣೆಯಲ್ಲಿ ನಿಂತು, ಮಕ್ಕಳಿಗೆ ಅರೆಬರೆ ತಿಳಿದ ಭಾಷೆಯಲ್ಲಿ ಶಿಸ್ತನ್ನು ರೂಢಿಸುವ ಬಗೆ ಯಾವುದು? ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಿ.

ಒಟ್ಟಾವಾ ಮೇಷ್ಟ್ರು

ಮೇಡಂ, ನೀವು ವರ್ಣಿಸಿದ ಕೋಣೆಯನ್ನು ನಾನು ಚೆನ್ನಾಗಿ ಬಲ್ಲೆ. ಕೋರ್ ಫ್ರೆಂಚ್ ಕಲಿಸುತ್ತಲೇ ಬಂದವನಾದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ನನ್ನ ತಿಳಿವಳಿಕೆಯಲ್ಲಿ ಫ್ರೆಂಚ್ ತರಗತಿಯ ಗದ್ದಲದ ಬಹುಪಾಲು ಅವಿಧೇಯತೆಯಿಂದ ಹುಟ್ಟುವುದಿಲ್ಲ. ಮುಂದೆ ಏನು ಮಾಡಬೇಕೆಂದು ತಿಳಿಯದಿರುವುದರಿಂದ ಹುಟ್ಟುತ್ತದೆ. ಗಣಿತದಲ್ಲಿ ಬೀಜಗಣಿತದ ಸಮೀಕರಣ ಬಿಡಿಸುವ, ಇಂಗ್ಲಿಷಿನಲ್ಲಿ ವಾದ ಮಂಡಿಸುವ ಹನ್ನೆರಡು ವರ್ಷದ ಹುಡುಗ ನಿಮ್ಮ ಪೀರಿಯಡ್ಡಿನಲ್ಲಿ ದಿಢೀರನೆ ಮೂರು ಪದದ ವಾಕ್ಯಕ್ಕೆ ತಡವರಿಸುವವನಾಗುತ್ತಾನೆ. ಆ ವಯಸ್ಸಿನಲ್ಲಿ ಗೆಳೆಯರೆದುರು ಮುಖಭಂಗವಾಗುವುದಕ್ಕಿಂತ ದೊಡ್ಡ ಭಯವಿಲ್ಲ. ತಡವರಿಸಿ ನಗೆಪಾಟಲಾಗುವ ಬದಲು ತಾನೇ ಮುಂದಾಗಿ ನಗಿಸಿಬಿಟ್ಟರೆ ಕ್ಷೇಮವೆಂದು ಅವನು ಲೆಕ್ಕ ಹಾಕುತ್ತಾನೆ. ಆದ್ದರಿಂದ ಭಾಷೆ ಅಪರಿಚಿತವಾಗಿರುವಷ್ಟು ದಿನ ಉಳಿದೆಲ್ಲವೂ ಪರಿಚಿತವಾಗಿರಬೇಕು: ಎಲ್ಲಿ ಕೂರುವುದು, ಮೊದಲು ಏನು, ಆಮೇಲೆ ಏನು, ಯಾವ ಸನ್ನೆಗೆ ಏನು ಅರ್ಥ.

ಬಾಗಿಲಿನಿಂದಲೇ ಆರಂಭಿಸಿ. ಮಕ್ಕಳು ಒಳಗೇ ಇರುತ್ತಾರಾದ್ದರಿಂದ ನೀವು ಬಾಗಿಲಲ್ಲಿ ನಿಂತು ಸ್ವಾಗತಿಸುವಂತಿಲ್ಲ. ಅದರ ಬದಲು ಗಾಡಿಯನ್ನು ಪ್ರತಿದಿನ ಅದೇ ಜಾಗದಲ್ಲಿ ನಿಲ್ಲಿಸಿ, ಒಂದೇ ಮಾತಿನಲ್ಲಿ ‘ಬೊಂಜೂರ್’ ಹೇಳಿ, ಬೋರ್ಡಿನ ಮೇಲೆ ಒಂದು ಸಣ್ಣ ಕೆಲಸವನ್ನು ಹಾಕಿ. ಆ ಕೆಲಸಕ್ಕೆ ವಿವರಣೆಯೇ ಬೇಕಾಗಬಾರದು. ಒಂದು ಚಿತ್ರ, ಅದರ ಕೆಳಗೆ ಎರಡು ವಾಕ್ಯ, ಯಾವುದು ನಿಜ ಎಂದು ಗುರುತಿಸಬೇಕು, ಅಷ್ಟೆ. ಪರದೆಯ ಮೇಲೆ ಮೂರು ನಿಮಿಷದ ಗಡಿಯಾರ ಓಡುತ್ತಿರಲಿ. ಈ ಮೂರು ನಿಮಿಷಗಳಲ್ಲಿ ನೀವು ಹಾಜರಿ ತೆಗೆದುಕೊಳ್ಳಬಹುದು, ತಂತಿ ಜೋಡಿಸಬಹುದು, ನಿನ್ನೆ ಮುನಿಸಿಕೊಂಡು ಹೋದ ಹುಡುಗಿಯ ಬಳಿ ಹೋಗಿ ‘ಸಾ ವಾ?’ (ಚೆನ್ನಾಗಿದ್ದೀಯಾ?) ಎಂದು ಕೇಳಬಹುದು. ಆ ಕೊನೆಯ ಕೆಲಸವನ್ನು ಮರೆಯಬೇಡಿ.

ಮುಂದಿನ ಐದು ನಿಮಿಷ ದಿನಾಂಕ, ಹವಾಮಾನ ಎಂದು ಬಹಳ ಕಡೆ ರೂಢಿಯಿದೆ. 4ನೇ ತರಗತಿಗೆ ಅದು ಹಬ್ಬ. ಆದರೆ 8ನೇ ತರಗತಿಯವರು ಐದನೇ ವರ್ಷವೂ ‘ಇಲ್ ಫೆ ಫ್ರ್ವಾ’ (ಚಳಿಯಾಗಿದೆ) ಎನ್ನಬೇಕಾದರೆ ಅವರಿಗೆ ಅವಮಾನವೆನಿಸುತ್ತದೆ, ಮತ್ತು ಆ ಅನಿಸಿಕೆ ನ್ಯಾಯವಾದದ್ದು. ಪರಿಪಾಠದ ಆಕಾರವನ್ನು ಉಳಿಸಿಕೊಂಡು ತಿರುಳನ್ನು ಬದಲಿಸಿ. ದಿನಕ್ಕೊಬ್ಬ ವಿದ್ಯಾರ್ಥಿ ಮುಂದೆ ಬಂದು ತರಗತಿಗೆ ಒಂದು ನಿಜವಾದ ಪ್ರಶ್ನೆ ಕೇಳಲಿ. ನಿನ್ನೆ ರಾತ್ರಿ ಏನು ಊಟ ಮಾಡಿದೆ, ಟೊರೊಂಟೊ ಮೇಪಲ್ ಲೀಫ್ಸ್ ಐಸ್ ಹಾಕಿ ತಂಡ ಗೆದ್ದಿತೋ ಸೋತಿತೋ, ಬಸ್ಸಿನಲ್ಲಿ ಬಂದೆಯೋ ನಡೆದು ಬಂದೆಯೋ, ಹೀಗೆ. ಉತ್ತರದ ಚೌಕಟ್ಟನ್ನು ಬೋರ್ಡಿನ ಮೇಲೆ ಬರೆದುಕೊಡಿ. ಉತ್ತರಿಸುವವನು ಒಂದು ಪದವನ್ನಷ್ಟೇ ಬದಲಿಸಿದರೆ ಸಾಕು ಎಂಬ ಸ್ಥಿತಿಯಲ್ಲಿ ಯಾರ ಮುಖವೂ ಕಂದುವುದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ, ತಿದ್ದುವ ಭಾಷೆ. ನಾನು ಒಂದು ಗೆರೆ ಎಳೆದುಕೊಂಡಿದ್ದೇನೆ. ದಿನನಿತ್ಯದ ಎಲ್ಲವೂ ಫ್ರೆಂಚಿನಲ್ಲಿ: ಕುಳಿತುಕೊಳ್ಳಿ, ಪುಸ್ತಕ ತೆಗೆಯಿರಿ, ಸರದಿಗೆ ಕಾಯಿರಿ, ದನಿ ತಗ್ಗಿಸಿ. ಇವುಗಳಿಗೆ ಒಂದೊಂದು ವಾಕ್ಯ, ಒಂದೊಂದು ಸನ್ನೆ, ಅದನ್ನು ವರ್ಷವಿಡೀ ಬದಲಿಸುವಂತಿಲ್ಲ. ಇಂದು ‘ಎಕೂತೆ’ (ಕೇಳಿ), ನಾಳೆ ‘ಫೆತ್ ಅತಾಂಸ್ಯೊಂ’ (ಗಮನ ಕೊಡಿ), ನಾಡಿದ್ದು ಇನ್ನೇನೋ ಎಂದು ಹೇಳಿದರೆ ಮಕ್ಕಳಿಗೆ ಪ್ರತಿದಿನವೂ ಹೊಸ ಪಾಠವಾಗುತ್ತದೆ. ಇಡೀ ತರಗತಿಯ ಗಮನ ಸೆಳೆಯಲು ‘ಅಂ, ದ್ಯೂ, ತ್ರ್ವಾ, ಲೆ ಝ್ಯೂ ಸ್ಯೂರ್ ಮ್ವಾ’ (ಒಂದು, ಎರಡು, ಮೂರು, ಕಣ್ಣು ನನ್ನ ಮೇಲೆ) ಎಂದು ನಾನು ಹೇಳಿದರೆ ಅವರು ‘ಅಂ, ದ್ಯೂ, ಲೆ ಝ್ಯೂ ಸ್ಯೂರ್ ವು’ (ಒಂದು, ಎರಡು, ಕಣ್ಣು ನಿಮ್ಮ ಮೇಲೆ) ಎನ್ನುತ್ತಾರೆ. ದೊಡ್ಡ ಮಕ್ಕಳಿಗೆ ಇದು ಬಾಲಿಶವೆನಿಸಿದರೆ ಐದರಿಂದ ಸೊನ್ನೆಯವರೆಗೆ ಮೆಲುದನಿಯಲ್ಲಿ ಎಣಿಸಿದರೂ ಸಾಕು.

ಒಬ್ಬ ಇನ್ನೊಬ್ಬನನ್ನು ಹೊಡೆದಾಗ, ಜನಾಂಗವನ್ನೋ ಧರ್ಮವನ್ನೋ ಹಿಡಿದು ಹೀಯಾಳಿಸಿದಾಗ, ಮಗುವೊಂದು ಅಳುತ್ತಿರುವಾಗ ಮಾತ್ರ ಇಂಗ್ಲಿಷ್. ಅದೂ ಕಾರಿಡಾರಿನಲ್ಲಿ, ತಗ್ಗಿದ ದನಿಯಲ್ಲಿ, ಚಿಕ್ಕದಾಗಿ. ಅಂತಹ ಹೊತ್ತಿನಲ್ಲಿ ಮಗುವಿಗೆ ಪೂರ್ತಿ ಅರ್ಥವಾಗದ ಭಾಷೆಯಲ್ಲಿ ಮಾತನಾಡುವುದು ಅನ್ಯಾಯ. ಆದರೆ ಇವೆರಡರ ನಡುವಿನ ಜಾಗಕ್ಕೆ, ಎಂದರೆ ಇಡೀ ತರಗತಿಯ ಮೇಲೆ ರೇಗಿ ಇಂಗ್ಲಿಷಿನಲ್ಲಿ ಐದು ನಿಮಿಷ ಉಪದೇಶ ಮಾಡುವುದಕ್ಕೆ ಇಳಿಯಬಾರದು. ಸಿಟ್ಟು ಬಂದಾಗಲೆಲ್ಲ ನಾವು ಇಂಗ್ಲಿಷಿಗೆ ತಿರುಗಿದರೆ, ನಿಜವಾದ ಮಾತುಗಳಿಗೆ ಇಂಗ್ಲಿಷ್, ಆಟಕ್ಕೆ ಫ್ರೆಂಚ್ ಎಂದು ಮಕ್ಕಳು ಬಹುಬೇಗ ಗ್ರಹಿಸುತ್ತಾರೆ. ನೀವು ಹೇಳಿದ ಜಾರುವಿಕೆಯ ಮೂಲ ಅಲ್ಲಿದೆ ಎಂದು ನನಗನಿಸುತ್ತದೆ.

ಮಕ್ಕಳ ಕಡೆಯಿಂದಲೂ ಕೆಲವು ವಾಕ್ಯಗಳು ಕಡ್ಡಾಯವಾಗಿರಲಿ. ‘ಎಸ್ಕ ಜ ಪ್ಯೂ ಆಲೆ ಓ ತ್ವಾಲೆತ್?’ (ಶೌಚಾಲಯಕ್ಕೆ ಹೋಗಬಹುದೇ?) ಎಂದು ಕೇಳದೆ ಶೌಚಾಲಯಕ್ಕೆ ಅನುಮತಿಯಿಲ್ಲ ಎಂಬುದು ಹಳೆಯ ರೂಢಿ. ಅವಸರದಲ್ಲಿರುವ ಮಗುವನ್ನು ವ್ಯಾಕರಣಕ್ಕಾಗಿ ನಿಲ್ಲಿಸಿಕೊಳ್ಳುವುದು ಕ್ರೌರ್ಯ, ಆದ್ದರಿಂದ ಮೊದಲ ವಾರಗಳಲ್ಲಿ ನೀವು ಅರ್ಧ ಹೇಳಿ ಅವರು ಮುಗಿಸಲಿ. ‘ಜ ನ ಕೊಂಪ್ರಾಂ ಪಾ’ (ನನಗೆ ಅರ್ಥವಾಗಲಿಲ್ಲ), ‘ರೆಪೆತೆ ಸಿಲ್ ವು ಪ್ಲೆ’ (ದಯವಿಟ್ಟು ಮತ್ತೆ ಹೇಳಿ), ‘ಕೊಮಾಂ ದಿತೊಂ’ (ಇದಕ್ಕೆ ಏನೆನ್ನುತ್ತಾರೆ) ಇವೂ ಇರಲಿ. ಬೇರೆಯವರ ಗೋಡೆಯ ಮೇಲೆ ನಿಮ್ಮ ಪಟ ಉಳಿಯುವುದಿಲ್ಲವಾದ್ದರಿಂದ ಈ ವಾಕ್ಯಗಳ ಚೀಟಿಯನ್ನು ನೋಟ್‌ಪುಸ್ತಕದ ರಟ್ಟಿನ ಒಳಬದಿಗೆ ಅಂಟಿಸಿಕೊಡಿ.

ಜಯನಗರ ಫ್ರೆಂಚ್ ಟೀಚರ್

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಮೇಷ್ಟ್ರು ಹೇಳಿದ್ದರಲ್ಲಿ ಬಹಳಷ್ಟಕ್ಕೆ ನನ್ನ ಒಪ್ಪಿಗೆಯಿದೆ, ಒಂದು ವಿಷಯದಲ್ಲಿ ಭಿನ್ನಾಭಿಪ್ರಾಯವಿದೆ.

ನಮ್ಮಲ್ಲಿ ಒಂದು ತರಗತಿಯಲ್ಲಿ ನಲವತ್ತಕ್ಕೂ ಹೆಚ್ಚು ಮಕ್ಕಳು, ವಾರಕ್ಕೆ ಮೂರು ಪೀರಿಯಡ್. ನಾನು ಒಳಗೆ ಬಂದರೆ ಎಲ್ಲರೂ ಎದ್ದು ‘ಬೊಂಜೂರ್ ಮದಾಮ್’ ಎಂದು ರಾಗವಾಗಿ ಹೇಳುತ್ತಾರೆ. ಬ್ರ್ಯಾಂಪ್ಟನ್ ಮೇಡಂ ಅವರು ನೆನೆಸಿಕೊಂಡ ಆ ಸಿದ್ಧ ಆರಂಭ ನಮಗೆ ಉಚಿತವಾಗಿ ದೊರೆತಿದೆ. ಆದರೆ ಆ ಸಾಮೂಹಿಕ ರಾಗ ಮೈಯನ್ನು ಸುಮ್ಮನಿರಿಸುತ್ತದೆಯೇ ಹೊರತು ಬಾಯಿಗೆ ಭಾಷೆ ಕೊಡುವುದಿಲ್ಲ. ನಮ್ಮ ಮಕ್ಕಳು ಶಿಸ್ತಾಗಿ ಕುಳಿತು, ಇಡೀ ವರ್ಷ ಒಂದು ಸ್ವಂತ ವಾಕ್ಯವನ್ನೂ ಆಡದೆ, ಪರೀಕ್ಷೆಯಲ್ಲಿ ತೊಂಬತ್ತು ಅಂಕ ತೆಗೆಯಬಲ್ಲರು. ಗದ್ದಲವಿಲ್ಲದಿರುವುದನ್ನೇ ಗುರಿಯಾಗಿ ಇಟ್ಟುಕೊಳ್ಳಬೇಡಿ ಎಂದು ಕೇಳಿಕೊಳ್ಳುತ್ತೇನೆ. ಭಾಷೆಯ ತರಗತಿಯಲ್ಲಿ ಸದ್ದು ಇರಲೇಬೇಕು, ಅದು ಯಾವಾಗ ಏಳಬೇಕು, ಯಾವಾಗ ನಿಲ್ಲಬೇಕು ಎಂಬುದಷ್ಟೇ ನಮ್ಮ ಕೈಯಲ್ಲಿರಬೇಕು. ನಾನು ಜೋಡಿ ಮಾತುಕತೆಯನ್ನು ಎರಡು ನಿಮಿಷಕ್ಕಿಂತ ಹೆಚ್ಚು ಎಳೆಯುವುದಿಲ್ಲ. ಮೂರನೇ ನಿಮಿಷಕ್ಕೆ ಮಾತು ಕ್ರಿಕೆಟ್ಟಿಗೆ ಹೋಗುತ್ತದೆ.

ಭಿನ್ನಾಭಿಪ್ರಾಯ ಇದು. ಮೊದಲ ದಿನದಿಂದಲೇ ಎಲ್ಲ ಸೂಚನೆಗಳೂ ಫ್ರೆಂಚಿನಲ್ಲೇ ಎಂಬ ಕ್ರಮ ಪ್ರತಿದಿನ ಪಾಠವಿರುವ ಒಂಟಾರಿಯೊಗೆ ಹೊಂದಬಹುದು. ವಾರಕ್ಕೆ ಮೂರು ಸಲ ಮಾತ್ರ ಭೇಟಿಯಾಗುವ ಮಕ್ಕಳು ನಡುವೆ ಎಲ್ಲವನ್ನೂ ಮರೆತಿರುತ್ತಾರೆ. ನಾನು ಮೊದಲ ತಿಂಗಳು ಸೂಚನೆಗಳನ್ನು ಇಂಗ್ಲಿಷಿನಲ್ಲೇ ಕೊಟ್ಟು, ವಾರಕ್ಕೊಂದರಂತೆ ಫ್ರೆಂಚಿಗೆ ಬದಲಿಸುತ್ತಾ ಹೋಗುತ್ತೇನೆ. ಒಮ್ಮೆ ಬದಲಾದ ಸೂಚನೆ ಮತ್ತೆ ಇಂಗ್ಲಿಷಿಗೆ ಮರಳುವುದಿಲ್ಲ. ಈ ನಿಯಮ ಮಕ್ಕಳಿಗೂ ಗೊತ್ತಿರುತ್ತದೆ, ನಾನು ಮರೆತರೆ ಅವರೇ ನೆನಪಿಸುತ್ತಾರೆ.

ಸಾಲಿಗೊಬ್ಬರಂತೆ ಜವಾಬ್ದಾರಿ ಹಂಚುವುದೂ ದೊಡ್ಡ ತರಗತಿಗೆ ಬಹಳ ನೆರವಾಗುತ್ತದೆ. ಪುಸ್ತಕ ಹಂಚುವವನು, ಸಮಯ ನೋಡುವವಳು, ಬೋರ್ಡ್ ಒರೆಸುವವನು, ಈ ಕೆಲಸಗಳಿಗೆ ಫ್ರೆಂಚ್ ಹೆಸರುಗಳಿರಲಿ, ವಾರಕ್ಕೊಮ್ಮೆ ಬದಲಾಗಲಿ. ಅತ್ಯಂತ ಚಡಪಡಿಸುವ ಹುಡುಗನಿಗೆ ಓಡಾಡುವ ಕೆಲಸವನ್ನೇ ಕೊಡಿ.

ವಾಟರ್‌ಲೂ ಅಮ್ಮ

ನಾನು ಫ್ರೆಂಚ್ ಶಿಕ್ಷಕಿಯಲ್ಲ, ವಿಶೇಷ ಅಗತ್ಯವಿರುವ ಮಕ್ಕಳ ಜೊತೆ ಶಾಲೆಯಲ್ಲಿ ಕೆಲಸ ಮಾಡುತ್ತೇನೆ. ಎರಡು ಸಂಗತಿಗಳನ್ನು ಸೇರಿಸಬೇಕೆನಿಸಿತು.

ಮೊದಲನೆಯದು, ಐಇಪಿ (ವಿಶೇಷ ಅಗತ್ಯವಿರುವ ಮಗುವಿಗಾಗಿ ಶಾಲೆ ಬರೆದಿಡುವ ವೈಯಕ್ತಿಕ ಶಿಕ್ಷಣ ಯೋಜನೆ) ಇರುವ ಮಕ್ಕಳಿಗೆ ಅದರಲ್ಲಿ ಬರೆದ ಅನುಕೂಲಗಳು ಫ್ರೆಂಚ್ ಪೀರಿಯಡ್ಡಿಗೂ ಅನ್ವಯಿಸುತ್ತವೆ. ಕೋಣೆ ಬದಲಾಗದೆ ಟೀಚರ್ ಮಾತ್ರ ಬದಲಾಗುವುದು ಆಟಿಸಂ ಇರುವ ಕೆಲವು ಮಕ್ಕಳಿಗೆ ಬಹಳ ಕಷ್ಟದ ಗಳಿಗೆ. ಇಂದಿನ ಪಾಠದ ಹಂತಗಳನ್ನು ಚಿತ್ರಗಳಲ್ಲಿ ಸಾಲಾಗಿ ಬೋರ್ಡಿಗೆ ಅಂಟಿಸಿ, ಮುಗಿದ ಹಂತವನ್ನು ತೆಗೆಯುತ್ತಾ ಬನ್ನಿ. ಅವರಿಗಾಗಿ ಮಾಡಿದ್ದು ಇಡೀ ತರಗತಿಗೂ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಚಿತ್ರ ಓದಲು ಫ್ರೆಂಚ್ ಬೇಕಿಲ್ಲ.

ಎರಡನೆಯದು, ಈಗಷ್ಟೇ ಕೆನಡಾಕ್ಕೆ ಬಂದ ಮಕ್ಕಳು. ದಿನವಿಡೀ ಇಂಗ್ಲಿಷಿನಲ್ಲಿ ಹಿಂದೆ ಬೀಳುವ ಈ ಮಕ್ಕಳು ಫ್ರೆಂಚಿನಲ್ಲಿ ಮಾತ್ರ ಉಳಿದವರ ಜೊತೆ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ನಿಲ್ಲಬಲ್ಲರು. ಮನೆಯಲ್ಲಿ ಕನ್ನಡವನ್ನೋ ಪಂಜಾಬಿಯನ್ನೋ ಆಡುವ ಮಗುವಿಗೆ ಮತ್ತೊಂದು ಭಾಷೆ ಬಹು ದೊಡ್ಡ ಹೊರೆಯಲ್ಲ. ಆದರೆ ನೀವು ಗಟ್ಟಿಯಾಗಿ ಇಂಗ್ಲಿಷಿನಲ್ಲಿ ವಿವರಿಸಲು ಶುರುಮಾಡಿದ ಕೂಡಲೇ ಆ ಸಮಾನತೆ ಹೋಗಿಬಿಡುತ್ತದೆ. ಫ್ರೆಂಚಿನಲ್ಲೇ ಉಳಿಯಲು ಇದಕ್ಕಿಂತ ಒಳ್ಳೆಯ ಕಾರಣ ನನಗೆ ಕಾಣದು.

ಬ್ರ್ಯಾಂಪ್ಟನ್ ಕನ್ನಡತಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಮ್ಮ ಶಾಲೆಯಲ್ಲಿ ಹೊಸದಾಗಿ ಬಂದ ಮಕ್ಕಳ ಸಂಖ್ಯೆ ದೊಡ್ಡದು, ಆದ್ದರಿಂದ ವಾಟರ್‌ಲೂ ಅವರ ಮಾತು ನನಗೆ ಬಹಳ ಹಿಡಿಸಿತು. ಜಯನಗರದ ಮೇಡಂ ಹೇಳಿದ ಹಾಗೆ ಸೂಚನೆಗಳನ್ನು ವಾರಕ್ಕೊಂದರಂತೆ ಬದಲಿಸುವುದನ್ನು 7ನೇ ತರಗತಿಯಲ್ಲಿ ಸೋಮವಾರದಿಂದಲೇ ಆರಂಭಿಸುತ್ತೇನೆ. ಇನ್ನೆರಡು ಪ್ರಶ್ನೆಗಳಿವೆ. ಹೋಮ್‌ರೂಮ್ ಟೀಚರ್ ಜೊತೆ ಎಷ್ಟರ ಮಟ್ಟಿಗೆ ಒಪ್ಪಂದ ಮಾಡಿಕೊಳ್ಳುವುದು ಸಾಧ್ಯ? ‘ಮುಂದೆ ಹೇಗಿದ್ದರೂ ಫ್ರೆಂಚ್ ಬಿಡುತ್ತೇನೆ’ ಎಂದು ನೇರವಾಗಿ ಹೇಳುವ 8ನೇ ತರಗತಿಯವರಿಗೆ ಏನು ಉತ್ತರ ಕೊಡಬೇಕು?

ಒಟ್ಟಾವಾ ಮೇಷ್ಟ್ರು

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಪ್ರೌಢಶಾಲೆಯ ಡಿಪ್ಲೊಮಾಗೆ ಫ್ರೆಂಚಿನ ಒಂದು ಕ್ರೆಡಿಟ್ ಬೇಕು, ಹೆಚ್ಚಿನವರು ಅದನ್ನು 9ನೇ ತರಗತಿಯಲ್ಲಿ ಮುಗಿಸುತ್ತಾರೆ. ಅದಾದ ಮೇಲೆ ಬಿಡುವವರು ಬಹಳ. ಇದನ್ನು ಅಲ್ಲಗಳೆದು ವಾದಕ್ಕಿಳಿಯಬೇಡಿ. ನಮ್ಮ ಊರಿನಲ್ಲಿ ಕೇಂದ್ರ ಸರ್ಕಾರದ ಕೆಲಸಗಳ ಕಾರಣಕ್ಕೆ ದ್ವಿಭಾಷೆಯ ಬೆಲೆ ಮನೆಮನೆಗೂ ಗೊತ್ತಿದೆ. ಬ್ರ್ಯಾಂಪ್ಟನ್ನಿನ ಮಗುವಿಗೆ ಅದು ದೂರದ ಮಾತು. ಉದ್ಯೋಗದ ಭಾಷಣಕ್ಕಿಂತ ಈ ವಾರವೇ ಕೈಗೆ ಬರುವಂಥದ್ದನ್ನು ಕೊಡಿ: ಮಾಂಟ್ರಿಯಲ್‌ಗೆ ಶಾಲಾ ಪ್ರವಾಸ ಹೋದರೆ ತಿಂಡಿ ಕೇಳುವುದು ಹೇಗೆ, ಹಾಕಿ ಪಂದ್ಯದ ಫ್ರೆಂಚ್ ವೀಕ್ಷಕ ವಿವರಣೆಯಲ್ಲಿ ಹತ್ತು ಪದ ಗುರುತಿಸುವುದು ಹೇಗೆ ಎಂಬಂಥವು.

ಹೋಮ್‌ರೂಮ್ ಟೀಚರ್ ಬಳಿ ಮೂರು ವಿಷಯ ಕೇಳಿ. ಕೂರುವ ಕ್ರಮವನ್ನು ನಿಮ್ಮ ಪೀರಿಯಡ್ಡಿಗೆ ಬದಲಿಸಿಕೊಳ್ಳುವ ಅನುಮತಿ ಬೇಕು. ಮೊಬೈಲ್ ವಿಚಾರದಲ್ಲಿ ಇಬ್ಬರದೂ ಒಂದೇ ನಡೆ ಇರಬೇಕು. 2024ರ ಸೆಪ್ಟೆಂಬರಿನಿಂದ ಪ್ರಾಂತ್ಯದ ನಿಯಮವೇ 7ನೇ ತರಗತಿಯಿಂದ ಮೇಲಿನವರು ಪಾಠದ ವೇಳೆಯಲ್ಲಿ ಶಿಕ್ಷಕರ ಅನುಮತಿಯಿಲ್ಲದೆ ಮೊಬೈಲ್ ಬಳಸಬಾರದೆನ್ನುತ್ತದೆ, ಆದ್ದರಿಂದ ನೀವು ಹೊಸದೇನನ್ನೂ ಹೇರುತ್ತಿಲ್ಲ. ಮೂರನೆಯದು, ಪ್ರಗತಿಪತ್ರದಲ್ಲಿ ಜವಾಬ್ದಾರಿ, ಸಹಕಾರ, ಸ್ವನಿಯಂತ್ರಣ ಮೊದಲಾದ ಆರು ಕಲಿಕಾ ಕೌಶಲಗಳನ್ನು ಬರೆಯುವಾಗ ಫ್ರೆಂಚ್ ಪೀರಿಯಡ್ಡಿನಲ್ಲಿ ನೀವು ಕಂಡದ್ದೂ ಲೆಕ್ಕಕ್ಕೆ ಬರಬೇಕು. ದೂರುಗಳನ್ನಷ್ಟೇ ಒಯ್ಯಬೇಡಿ. ಗಣಿತದಲ್ಲಿ ಬಾಯಿ ಬಿಡದ ಹುಡುಗಿ ನಿಮ್ಮಲ್ಲಿ ಮುಂದೆ ಬಂದು ಪ್ರಶ್ನೆ ಕೇಳಿದಳೆಂಬ ಸುದ್ದಿಯೂ ಆ ಟೀಚರಿಗೆ ತಲುಪಲಿ.

ನೀವು ರಜೆ ಹಾಕಿದ ದಿನ ನಿಮ್ಮ ಬದಲಿಗೆ ಬರುವ ಸಪ್ಲೈ ಟೀಚರಿಗೆ ಫ್ರೆಂಚ್ ಬರದಿರುವ ಸಾಧ್ಯತೆ ಹೆಚ್ಚು. ಗಾಡಿಯ ಮೇಲಿನ ಅರೆಯಲ್ಲಿ ಒಂದು ಫೋಲ್ಡರ್ ಇಡಿ: ಕೂರುವ ನಕ್ಷೆ, ಹಂತಗಳ ಚಿತ್ರಗಳು, ಸನ್ನೆಗಳ ಪಟ್ಟಿ, ಆ ವಾರದ ಜವಾಬ್ದಾರಿಗಳು ಯಾರವೆಂಬ ಹೆಸರುಗಳು. ಪರಿಪಾಠ ಗಟ್ಟಿಯಾಗಿದ್ದರೆ ಆ ದಿನದ ಮೊದಲ ಎಂಟು ನಿಮಿಷಗಳನ್ನು ಮಕ್ಕಳೇ ನಡೆಸಿಕೊಡುತ್ತಾರೆ. ಉಳಿದ ಅವಧಿಗೆ ಹಳೆಯ ಪಾಠದ ಓದನ್ನು ಕೊಡಿ, ಹೊಸದನ್ನು ಇಡಬೇಡಿ.