ಬೋರ್‌ವೆಲ್ ನೀರಿಗೆ ನೆಸ್ಲರ್ ಕಾರಕ: ಹಳದಿಯ ಬದಲು ಬಿಳಿ ಕದಡು ಏಕೆ?

ಪ್ರಶ್ನೆ (ಪಿಯು ಕಾಲೇಜಿನ ಉಪನ್ಯಾಸಕಿ):
ಲವಣ ವಿಶ್ಲೇಷಣೆಯಲ್ಲಿ ಅಮೋನಿಯಂ ಅಯಾನನ್ನು ಖಚಿತಪಡಿಸಲು ನಾವು ನೆಸ್ಲರ್ ಕಾರಕವನ್ನು ಬಳಸುತ್ತೇವೆ. ಎರಡು ಹನಿ ಬಿದ್ದೊಡನೆ ಕಂದು ಪ್ರಕ್ಷೇಪ ಕಾಣಿಸುತ್ತದೆ; ಅಮೋನಿಯಾ ಅಲ್ಪವಾಗಿದ್ದರೆ ಹಳದಿ ಬಣ್ಣವಷ್ಟೇ ಬರಬೇಕು. ಮೊನ್ನೆ ವಿದ್ಯಾರ್ಥಿನಿಯೊಬ್ಬಳು ಮನೆಯ ಬೋರ್‌ವೆಲ್ ನೀರನ್ನು ತಂದಿದ್ದಳು. ಅದರ 50 ಮಿ.ಲೀ.ಗೆ 2 ಮಿ.ಲೀ. ಕಾರಕ ಸೇರಿಸಿದರೆ ಬಣ್ಣ ಬರಲಿಲ್ಲ, ನೀರು ಅಕ್ಕಚ್ಚಿನಂತೆ ಬೆಳ್ಳಗೆ ಕದಡಿತು. ಕಾರಕ ಕೆಟ್ಟಿದೆಯೇ?

ಉತ್ತರ 1:
ಕಾರಕ ಕೆಟ್ಟಿಲ್ಲ ಮೇಡಂ, ನೀರು ಗಡಸಾಗಿದೆ. ಈ ಕಾರಕವನ್ನು ತಯಾರಿಸಲು ಮರ್ಕ್ಯುರಿಕ್ ಕ್ಲೋರೈಡಿಗೆ (ಪಾದರಸದ ಲವಣ) ಪೊಟ್ಯಾಸಿಯಂ ಅಯೋಡೈಡನ್ನು ಹನಿಹನಿಯಾಗಿ ಹಾಕುವಾಗ ಮೊದಲು ಕುಂಕುಮದಂಥ ಕೆಂಪು ಮರ್ಕ್ಯುರಿಕ್ ಅಯೋಡೈಡ್ ಮೂಡಿ, ಅಯೋಡೈಡ್ ಹೆಚ್ಚಾದಂತೆ ಕರಗಿ ತಿಳಿಯಾಗುವುದನ್ನು ನೀವು ನೋಡಿರಬಹುದು. ಹಾಗೆ ಕರಗಿ ಉಂಟಾದ ಪಾದರಸದ ಸಂಯುಕ್ತ, ಅಂದರೆ ಟೆಟ್ರಾಅಯೋಡೋಮರ್ಕ್ಯುರೇಟ್, ಅಮೋನಿಯಾದೊಡನೆ ವರ್ತಿಸಬೇಕಾದರೆ ದ್ರಾವಣ ಪ್ರಬಲ ಕ್ಷಾರೀಯವಾಗಿರಬೇಕು. ಅದಕ್ಕೆಂದು ಬೆರೆಸಿದ ಪೊಟ್ಯಾಸಿಯಂ ಹೈಡ್ರಾಕ್ಸೈಡೇ ನಿಮ್ಮ ನೀರಿನ ಮೆಗ್ನೀಸಿಯಂ, ಕ್ಯಾಲ್ಸಿಯಂಗಳನ್ನು ಬಿಳಿ ಪ್ರಕ್ಷೇಪವಾಗಿ ಇಳಿಸಿದೆ. ಮೊದಲೇ ಸತು ಸಲ್ಫೇಟ್ ಸೇರಿಸಿ, ಸೋಡಿಯಂ ಹೈಡ್ರಾಕ್ಸೈಡಿನಿಂದ ಪಿಎಚ್ 10.5ಕ್ಕೆ ತಂದು ಸೋಸಿರಿ. ಉಳಿದ ಅಲ್ಪಸ್ವಲ್ಪಕ್ಕೆ, ಈ ಲೋಹದ ಅಯಾನುಗಳನ್ನು ಕರಗಿದಂತೆಯೇ ಹಿಡಿದಿಡುವ ಇಡಿಟಿಎ ಒಂದು ಹನಿ ಸಾಕು.

ಉತ್ತರ 2:
ಸೋಸುವ ಕಾಗದವನ್ನು ಅಮೋನಿಯಾರಹಿತ ನೀರಿನಲ್ಲಿ ತೊಳೆದುಕೊಳ್ಳಿ, ಏಕೆಂದರೆ ಕಾಗದದಲ್ಲೇ ಅಮೋನಿಯಾ ಇರುವುದುಂಟು. ಪಕ್ಕದ ಮೇಜಿನಲ್ಲಿ ಅಮೋನಿಯಾ ಬಾಟಲಿಯ ಮುಚ್ಚಳ ತೆರೆದಿದ್ದರೂ ಬರೀ ಬಟ್ಟಿ ಇಳಿಸಿದ ನೀರು ಹಳದಿಯಾಗುತ್ತದೆ. ನಮ್ಮ ಪ್ರಯೋಗಾಲಯದಲ್ಲಿ ಒಂದು ಮಧ್ಯಾಹ್ನವೆಲ್ಲ ಇದರಲ್ಲೇ ಕಳೆದಿತ್ತು!

ಪ್ರಶ್ನೆ ಕೇಳಿದವರು:
ಹಾಗೆಯೇ ಮಾಡಿದೆವು. ಹತ್ತು ನಿಮಿಷದ ನಂತರ ಬಿಳಿ ಕಾಗದದ ಮೇಲಿಟ್ಟು ನೋಡಿದಾಗ ತೆಳು ಹಳದಿ ಕಂಡಿತು. ಪ್ರಮಾಣ ತಿಳಿಯಲು ಗೊತ್ತಿರುವ ಸಾಂದ್ರತೆಯ ಅಮೋನಿಯಂ ಕ್ಲೋರೈಡ್ ದ್ರಾವಣಗಳೊಡನೆ ಹೋಲಿಸಬೇಕೆಂದಿದ್ದೇವೆ. ಬಳಸಿದ ದ್ರಾವಣವನ್ನು ಸಿಂಕಿಗೆ ಸುರಿಯಬಹುದೇ?

ಉತ್ತರ 3:
ದಯವಿಟ್ಟು ಸುರಿಯಬೇಡಿ. ಲೀಟರಿಗೆ 0.09 ಮೋಲ್ ಸಾಂದ್ರತೆಯ ಕಾರಕದ 2 ಮಿ.ಲೀ.ನಲ್ಲಿ ಸುಮಾರು 36 ಮಿ.ಗ್ರಾಂ ಪಾದರಸವಿರುತ್ತದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಪಾದರಸದ ಮಿತಿ ಲೀಟರಿಗೆ 0.001 ಮಿ.ಗ್ರಾಂ, ಅಂದರೆ ಒಂದು ಪರೀಕ್ಷೆಯ ಪಾದರಸ 36,000 ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲದು. ಅಮೋನಿಯಾದ ಮಿತಿಯಾದರೋ 0.5 ಮಿ.ಗ್ರಾಂ! 1856ರಲ್ಲಿ ಜರ್ಮನಿಯ ಯೂಲಿಯಸ್ ನೆಸ್ಲರ್ ಇದನ್ನು ರೂಪಿಸಿದಾಗ ಇಂಥ ಲೆಕ್ಕ ಯಾರಿಗೂ ಬೇಕಿರಲಿಲ್ಲ. ಲವಣ ವಿಶ್ಲೇಷಣೆಗೆ ಬಿಳಿ ಹಂಚಿನ ಕುಳಿಯಲ್ಲಿ ಒಂದೊಂದು ಹನಿಯಿಂದ ಕೆಲಸ ಮುಗಿಸಿ, ನೀರಿನ ಪರೀಕ್ಷೆಗೆ ಪಾದರಸವಿಲ್ಲದ ಸ್ಯಾಲಿಸಿಲೇಟ್ ವಿಧಾನವನ್ನು ಹಿಡಿಯುವುದೇ ಸರಿಯೆಂದು ನನಗನ್ನಿಸುತ್ತದೆ. ಅದರಲ್ಲಿ ಹಸಿರು ನೀಲಿ ಬಣ್ಣ ಬರುತ್ತದೆ. ಈಗಿರುವ ತ್ಯಾಜ್ಯವನ್ನು, ಸೋಸಿದ ಕಾಗದವಿದ್ದರೆ ಅದನ್ನೂ ಸೇರಿಸಿ, ‘ಪಾದರಸ’ ಎಂದು ಚೀಟಿ ಅಂಟಿಸಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟು, ಅಪಾಯಕಾರಿ ತ್ಯಾಜ್ಯ ವಿಲೇವಾರಿಗೆ ಅನುಮತಿ ಪಡೆದವರಿಗೇ ಒಪ್ಪಿಸಿ.