ಅಪ್‌ಡೇಟ್: ಅಮ್ಮನ ಜೊತೆ ಕಾಲ್ಕಾ–ಶಿಮ್ಲಾ ರೈಲು, ಕೊನೆಗೂ ಹೋಗಿ ಬಂದೆವು

ಮಂಡಿನೋವಿರುವ ಅಮ್ಮನನ್ನು ಕಾಲ್ಕಾದಿಂದ ಶಿಮ್ಲಾಗೆ ಪುಟಾಣಿ ರೈಲಿನ ಒಳ್ಳೆಯ ಬೋಗಿಯಲ್ಲಿ ಕರೆದುಕೊಂಡು ಹೋಗೋದು ಹೇಗೆ ಅಂತ ಕೇಳಿದ್ದೆ, ನೆನಪಿದೆಯಾ? ನಿನ್ನೆ ಬೆಂಗಳೂರಿಗೆ ವಾಪಸ್ ಬಂದೆವು.

ಹಿಂದಿನ ದಿನವೇ ಕಾಲ್ಕಾಗೆ ಹೋಗಿ ಉಳಿದುಕೊಳ್ಳಿ ಅಂದಿದ್ದರಲ್ಲ, ಅವರಿಗೆ ದೊಡ್ಡ ಥ್ಯಾಂಕ್ಸ್. ಚಂಡೀಗಢಕ್ಕೆ ವಿಮಾನ, ಅಲ್ಲಿಂದ ಟ್ಯಾಕ್ಸಿ, ರಾತ್ರಿ ನಿದ್ದೆ, ಬೆಳಗಿನ ಜಾವ ಆರಾಮಾಗಿ ಶಿವಾಲಿಕ್ ಡೀಲಕ್ಸ್ ರೈಲು ಹತ್ತಿದೆವು. ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಗೂ ಪ್ರಯತ್ನಿಸಿದೆ, ನಮ್ಮ ದಿನಕ್ಕೆ ಸೀಟು ಸಿಗಲಿಲ್ಲ. ತತ್ಕಾಲ್ ನಂಬಿ ಕೂರಿ ಅನ್ನೋ ಸಲಹೆಯೂ ಕೆಲಸ ಮಾಡಲಿಲ್ಲ, ಮೊದಲೇ ಬುಕ್ ಮಾಡಿ.

ಬಲಗಡೆಯೇ ಕೂರಬೇಕು ಅಂತ ತುಂಬಾ ಜನ ಹೇಳಿದ್ದಿರಿ. ನಮಗೆ ಸಿಕ್ಕಿದ್ದು ಎಡಗಡೆ. ಬೇಜಾರೇನೂ ಆಗಲಿಲ್ಲ, ಹಳಿ ಅಷ್ಟು ತಿರುವು ತಗೊಳ್ಳುತ್ತೆ, ಕಣಿವೆ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಬರುತ್ತಲೇ ಇರುತ್ತೆ. 96 ಕಿ.ಮೀ. ದಾರಿಯಲ್ಲಿ ನೂರಕ್ಕೂ ಜಾಸ್ತಿ ಸುರಂಗ! ಬರೋಗ್‌ನದ್ದು ಒಂದು ಕಿ.ಮೀ.ಗಿಂತ ಉದ್ದ, ಒಳಗೆ ತಣ್ಣಗೆ, ಕಿಟಕಿ ಗಾಜಿನ ಮೇಲೆ ಅಮ್ಮನ ಉಸಿರಿನ ಮಂಜು ಕೂತಿತ್ತು. ಕನೋಹ್ ಹತ್ತಿರದ ನಾಲ್ಕು ಅಂತಸ್ತಿನ ಕಲ್ಲಿನ ಕಮಾನು ಸೇತುವೆ ಮಾತ್ರ ತಪ್ಪಿಸಬೇಡಿ.

ಗೊತ್ತಿಲ್ಲದ್ದು ಒಂದಿತ್ತು. 1903ರಲ್ಲಿ ಶುರುವಾದ ಈ ದಾರಿಯಲ್ಲಿ ಈಗಲೂ ಸ್ಟೇಷನ್‌ಗಳಲ್ಲಿ ಡ್ರೈವರ್‌ಗೆ ಮುಂದಿನ ಹಳಿ ಖಾಲಿ ಇದೆ ಅನ್ನೋ ಗುರುತಾಗಿ ಟೋಕನ್ ಕೊಡುತ್ತಾರೆ, ಅದು ಕೈಗೆ ಬರದೆ ಮುಂದಿನ ಹಳಿಗೆ ಹೋಗುವಂತಿಲ್ಲ. ಅಮ್ಮ ಪ್ರತಿ ಸ್ಟೇಷನ್‌ನಲ್ಲೂ ಅದನ್ನೇ ಹುಡುಕುತ್ತಿದ್ದರು.

ಮೆಟ್ಟಿಲು ಹತ್ತೋದು ಹೇಗೋ ಅಂತ ನನಗೆ ಭಯವಿತ್ತು, ಕೈ ಹಿಡಿದರೆ ಸಾಕಾಯಿತು. ದೊಡ್ಡ ಸೂಟ್‌ಕೇಸ್ ಮಾತ್ರ ಬೇಡ, ಬೋಗಿ ನಿಜಕ್ಕೂ ಚಿಕ್ಕದು.