ಎನ್‌ಇಪಿ ಕೊನೇ ಬ್ಯಾಚ್‌ನೋರು ನಾಲ್ಕನೇ ವರ್ಷ ಆನರ್ಸ್ ಮಾಡ್ಬೇಕಾ, ಸೀದಾ ಎಂಎಸ್ಸಿಗೆ ಹೋಗ್ಬೇಕಾ? ಗೊತ್ತಿರೋರು ಹೇಳಿ ಪ್ಲೀಸ್

ಶಿರಾ_ಸೀಮೆ_ಹುಡುಗಿ:

ಎಲ್ರಿಗೂ ನಮಸ್ಕಾರ. ನಾನು ತುಮಕೂರು ಜಿಲ್ಲೆಲಿ ಒಂದು ಸರ್ಕಾರಿ ಡಿಗ್ರಿ ಕಾಲೇಜಲ್ಲಿ ಬಿಎಸ್ಸಿ ಆರನೇ ಸೆಮ್ ಓದ್ತಿದೀನಿ, ಕೆಮಿಸ್ಟ್ರಿ ಮೇಜರ್, ಬಾಟನಿ ಮೈನರ್. ಸೇರಿದ್ದು 2023-24ರಲ್ಲಿ, ಅಂದ್ರೆ ಎನ್‌ಇಪಿ (ಕೇಂದ್ರದ ಹೊಸ ಶಿಕ್ಷಣ ನೀತಿ) ಕೊನೇ ಬ್ಯಾಚು ನಾವೇ. ನಮ್ಮ ಜೂನಿಯರ್ಸ್ ಎಲ್ಲ ಎಸ್‌ಇಪಿ, ಅಂದ್ರೆ ರಾಜ್ಯದ್ದೇ ಶಿಕ್ಷಣ ನೀತಿ, ಅವ್ರಿಗೆ ಮೂರು ಸಬ್ಜೆಕ್ಟು, ಮೂರೇ ವರ್ಷ, ಗೊಂದಲ ಇಲ್ಲ. ನಮಗೆ ಅಡ್ಮಿಷನ್ ಟೈಮಲ್ಲಿ ಹೇಳಿದ್ದು ಬೇರೆ, ಒಂದು ವರ್ಷಕ್ಕೆ ಬಿಟ್ರೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ನಾಲ್ಕು ಮಾಡಿದ್ರೆ ಆನರ್ಸು, ಆಮೇಲೆ ಪಿಜಿ ಒಂದೇ ವರ್ಷ ಅಂತ. ಈಗ ಆಫೀಸಲ್ಲಿ ಕೇಳಿದ್ರೆ ಕ್ಲರ್ಕ್ ಸರ್ ಪ್ರಿನ್ಸಿಪಾಲ್‌ರನ್ನ ಕೇಳಮ್ಮ ಅಂತಾರೆ, ಪ್ರಿನ್ಸಿಪಾಲ್ ಯೂನಿವರ್ಸಿಟಿಯಿಂದ ಸರ್ಕ್ಯುಲರ್ ಬರ್ಲಿ ನೋಡೋಣ ಅಂತಾರೆ, ಎಚ್‌ಒಡಿ ಮೇಡಂ ಮಾತ್ರ ನೇರವಾಗಿ ಹೇಳಿದ್ರು, "ನಾಲ್ಕನೇ ವರ್ಷಕ್ಕೆ ನೀನೊಬ್ಳೇ ಬಂದ್ರೆ ನಿಂಗೊಬ್ಳಿಗೆ ನಾನು ಪಾಠ ಮಾಡ್ತೀನಿ ಕಣೇ, ಆದ್ರೆ ಲ್ಯಾಬಲ್ಲಿ ಏನ್ ಮಾಡಿಸ್ಲಿ ಹೇಳು" ಅಂತ.

ನನ್ನ ಆಸೆ ಲೆಕ್ಚರರ್ ಆಗೋದು, ಆಗ್ಲಿಲ್ಲ ಅಂದ್ರೆ ಯಾವುದಾದ್ರೂ ಫಾರ್ಮಾ ಕಂಪ್ನಿಲಿ ಕ್ಯೂಸಿ, ಅಂದ್ರೆ ಔಷಧದ ಗುಣಮಟ್ಟ ಟೆಸ್ಟ್ ಮಾಡೋ ಕೆಲಸ. ಮನೇಲಿ ಅಪ್ಪ ಕಡ್ಲೆಕಾಯಿ, ರಾಗಿ ಬೆಳೀತಾರೆ, ತಮ್ಮ ಪಿಯುಸಿ. ಡಿಗ್ರಿ ಅಂದ್ರೆ ಮೂರು ವರ್ಷ ತಾನೆ ಇನ್ನೊಂದು ವರ್ಷ ಯಾಕಮ್ಮ ಅಂತ ಅಪ್ಪ ಕೇಳಿದ್ರೆ ನನ್ನತ್ರ ಉತ್ತರ ಇಲ್ಲ. ಸ್ಕಾಲರ್‌ಶಿಪ್ ನಾಲ್ಕನೇ ವರ್ಷಕ್ಕೂ ಬರುತ್ತಾ ಅದೂ ಗೊತ್ತಿಲ್ಲ. ಇನ್ನೊಂದು, ಗಣಿತ ಓಪನ್ ಎಲೆಕ್ಟಿವ್ ಒಂದು ಹಳೇ ಬ್ಯಾಕ್‌ಲಾಗ್ ಇದೆ, ಅದನ್ನ ಕೇಳಿದ್ರೆ ಆ ಪೇಪರೇ ಈಗ ಜೂನಿಯರ್ಸ್‌ಗೆ ಇಲ್ಲ ಅಂತಾರೆ, ಹಂಗಾದ್ರೆ ನಾನು ಯಾರ ಹತ್ರ ಪಾಠ ಕೇಳ್ಲಿ?

ದಯವಿಟ್ಟು ಮಾಡಿ ನೋಡಿರೋರು ಹೇಳಿ. ಯೂಟ್ಯೂಬ್ ವಿಡಿಯೋ ಲಿಂಕ್ ಬೇಡ, ಎಲ್ಲಾ ನೋಡಾಯ್ತು.

ಮೊದಲ_ಬ್ಯಾಚ್:

ನಾನು ಮಾಡಿದೀನಿ ಸಿಸ್ಟರ್, 2021ರಲ್ಲಿ ಸೇರಿದ ಮೊದಲನೇ ಬ್ಯಾಚು, 2024-25ರಲ್ಲಿ ನಾಲ್ಕನೇ ವರ್ಷ. ನಮಗೂ ಇದೇ ಕಥೆ. 2024ರ ಮೇ ತಿಂಗಳಲ್ಲಿ ಸರ್ಕಾರ ಇನ್ಮೇಲೆ ಮೂರು ವರ್ಷದ ಡಿಗ್ರಿ ಅಂತ ಆರ್ಡರ್ ಮಾಡ್ತು, ಆಗ ನಾವು ಆರನೇ ಸೆಮ್ ಎಕ್ಸಾಮ್ ಟೆನ್ಷನ್ನಲ್ಲಿದ್ವಿ. ಆಗ್ಲೇ ಎನ್‌ಇಪಿಲಿ ಸೇರಿರೋರು ಬೇಕಿದ್ರೆ ನಾಲ್ಕನೇ ವರ್ಷ ಮುಂದುವರಿಸಬಹುದು ಅಂತ ಬಾಗಿಲು ತೆಗೆದಿಟ್ಟಿದ್ರು. ಆದ್ರೆ ಬಾಗಿಲು ತೆಗೆದಿರೋದಕ್ಕೂ ಒಳಗೆ ಕುರ್ಚಿ ಹಾಕಿರೋದಕ್ಕೂ ವ್ಯತ್ಯಾಸ ಇದೆಯಲ್ಲ. ನಮ್ಮ ಕ್ಲಾಸಲ್ಲಿ ಬಹಳಷ್ಟು ಜನ ಟಿಸಿ ತಗೊಂಡು ಹೋದ್ರು, ಉಳಿದೋರು ಒಂದು ಬೆಂಚಿಗೆ ಸಾಕಾಗೋಷ್ಟು.

ಒಳ್ಳೇದು ಏನಾಯ್ತು ಅಂದ್ರೆ ಪ್ರಾಜೆಕ್ಟು. ನಮ್ಮ ಊರ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಎಷ್ಟಿದೆ ನೋಡೋದು ಅಂತ ತಗೊಂಡೆ, ಪ್ಲಾಸ್ಟಿಕ್ ಬಾಟ್ಲಿಲಿ ನೀರು ತುಂಬ್ಕೊಂಡು ಬಸ್ಸಲ್ಲಿ ತರ್ತಿದ್ದೆ, ಕಂಡಕ್ಟರ್ ಏನಪ್ಪ ಇದು ತೀರ್ಥನಾ ಅಂತ ತಮಾಷೆ ಮಾಡೋರು. ಕಾಲೇಜಲ್ಲಿ ಫ್ಲೋರೈಡ್ ಎಲೆಕ್ಟ್ರೋಡ್ ಇರ್ಲಿಲ್ಲ, ಗೈಡ್ ಸರ್ ಪರಿಚಯದ ಮೇಲೆ ಬೇರೆ ಕಡೆ ಲ್ಯಾಬಲ್ಲಿ ಕೂತು ರೀಡಿಂಗ್ ತಗೊಂಡೆ. ಕಲಿತಿದ್ದು ನಿಜ, ಮೂರು ವರ್ಷ ಟೈಟ್ರೇಷನ್ ಮಾಡಿದ್ದಕ್ಕಿಂತ ಜಾಸ್ತಿ ಕಲಿತೆ. ಆದ್ರೆ ಅದು ಸರ್ ಒಳ್ಳೆತನ, ಕಾಲೇಜಿನ ವ್ಯವಸ್ಥೆ ಅಲ್ಲ.

ಕೆಟ್ಟದ್ದು ಏನು ಅಂದ್ರೆ ಒಂದು ವರ್ಷದ ಎಂಎಸ್ಸಿ. ಯೂನಿವರ್ಸಿಟಿಗಳಿಗೆ ರೂಲ್ಸ್ ಮಾಡೋ ಯುಜಿಸಿ 2024ರಲ್ಲೇ ನಾಲ್ಕು ವರ್ಷ ಮಾಡಿದೋರಿಗೆ ಒಂದು ವರ್ಷದ ಪಿಜಿ ಇಡಬಹುದು ಅಂದಿದೆ, ಇಡಬಹುದು ಅಷ್ಟೇ, ಇಡಲೇಬೇಕು ಅಂತಲ್ಲ. ನಾನು ಹೋಗ್ಬೇಕು ಅಂದ್ಕೊಂಡಿದ್ದ ಯೂನಿವರ್ಸಿಟಿಲಿ ನನ್ನ ಸಬ್ಜೆಕ್ಟಿಗೆ ನೋಟಿಫಿಕೇಶನ್ನೇ ಬರ್ಲಿಲ್ಲ, ಕೊನೆಗೆ ಮೂರು ವರ್ಷ ಮಾಡಿದೋರ ಜೊತೆ ಮೊದಲನೇ ವರ್ಷಕ್ಕೇ ಸೇರಿದೀನಿ. ಅಂದ್ರೆ ಲೆಕ್ಕ ಹಾಕಿ, ನಂದು ನಾಲ್ಕು ಪ್ಲಸ್ ಎರಡು. ನನ್ನ ಜೊತೆ ಮೂರಕ್ಕೆ ಬಿಟ್ಟು ಹೋದ ಫ್ರೆಂಡು ಈಗ ನಂಗೆ ಸೀನಿಯರ್ರು, ಹಾಸ್ಟೆಲಲ್ಲಿ ಅವ್ನ ಹಳೇ ನೋಟ್ಸೇ ನಂಗೆ ಆಧಾರ. ಹಂಗಾಗಿ ನೀವು ಹೋಗೋ ಯೂನಿವರ್ಸಿಟಿಲಿ ಒಂದು ವರ್ಷದ ಎಂಎಸ್ಸಿ ಕೆಮಿಸ್ಟ್ರಿ ಇದೆ ಅಂತ ಪ್ರಾಸ್ಪೆಕ್ಟಸ್‌ನಲ್ಲಿ ಅಚ್ಚಾಗಿರೋದನ್ನ ಕಣ್ಣಾರೆ ನೋಡೋ ತನಕ ಆ ಆಸೆ ಇಟ್ಕೋಬೇಡಿ.

ಪೇಡೆ_ನಗರಿ_ಅತಿಥಿ:

ತಂಗಿ, ನಾ ಧಾರವಾಡ ಕಡೆ ಸರ್ಕಾರಿ ಕಾಲೇಜಿನ್ಯಾಗ ಅತಿಥಿ ಉಪನ್ಯಾಸಕ. ನಿಮ್ಮ ಎಚ್‌ಒಡಿ ಮೇಡಂ ಹೇಳಿದ್ದು ಖರೆ ಮಾತು ನೋಡು, ಅವರ ಮ್ಯಾಲ ಸಿಟ್ಟಾಗಬ್ಯಾಡ. ನಾಲ್ಕನೇ ವರ್ಷ ನಡಸ್ರಿ ಅಂತ ಕಾಗದದಾಗ ಬಂತು, ಅದಕ್ಕ ಹೊಸಾ ಪೋಸ್ಟ್ ಬರಲಿಲ್ಲ, ಲ್ಯಾಬಿಗೆ ರೊಕ್ಕ ಬರಲಿಲ್ಲ. ಸರ್ಕಾರಿ ಡಿಗ್ರಿ ಕಾಲೇಜಿನ್ಯಾಗ ಪಾಠದ ದೊಡ್ಡ ಭಾರ ಹೊರೋದು ನಮ್ಮಂಥಾ ಅತಿಥಿಗಳು, ನಮಗ ಪ್ರತಿ ವರ್ಷ ಹೊಸದಾಗಿ ಕೌನ್ಸೆಲಿಂಗ್, ಅದು ಮುಗದು ನಾವು ಕ್ಲಾಸಿಗೆ ಬರೂದ್ರಾಗ ಸೆಮಿಸ್ಟರ್ ಅರ್ಧ ಹೋಗಿರ್ತೈತಿ. ನಿಮ್ಮ ಬ್ಯಾಚಿಗೆ ನೆನಪಿರಬೇಕು, ನೀವು ಮೊದಲನೇ ಸೆಮ್ ಇದ್ದಾಗ 2023ರ ಕೊನೀಗೆ ನಾವು ಖಾಯಂ ಮಾಡ್ರಿ ಅಂತ ಕ್ಲಾಸ್ ಬಿಟ್ಟು ಧರಣಿ ಕುಂತಿದ್ವಿ. ನಿಮಗ ತ್ರಾಸ ಆತು, ಗೊತ್ತೈತಿ. ಬ್ಯಾರೆ ದಾರಿ ಇರಲಿಲ್ಲ.

ಈಗ ನಿನ್ನ ಪ್ರಶ್ನೆಗೆ ಬರ್ತೀನಿ. ಲೆಕ್ಚರರ್ ಆಗಬೇಕು ಅಂದಿ. ಡಿಗ್ರಿ ಕಾಲೇಜಿಗೆ ಅಸಿಸ್ಟೆಂಟ್ ಪ್ರೊಫೆಸರ್ ಆಗಾಕ ಎಂಎಸ್ಸಿ ಶೇ 55 ಬೇಕು, ಅದರ ಮ್ಯಾಲ ನೆಟ್ (ದೇಶದ ಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಕೆಸೆಟ್ (ನಮ್ಮ ರಾಜ್ಯದ್ದು), ಇಲ್ಲಾ ಪಿಎಚ್‌ಡಿ. ಪಿಯು ಲೆಕ್ಚರರ್‌ಗೆ ಎಂಎಸ್ಸಿ ಜೊತಿ ಬಿಎಡ್. ಎರಡರಾಗೂ ಆನರ್ಸ್ ಅನ್ನೋ ಮಾತ ಬರಂಗಿಲ್ಲ, ಎಂಎಸ್ಸಿ ಬೇಕ ಬೇಕು. ಕೆಲವರು ನಾಲ್ಕು ವರ್ಷ ಮಾಡಿದ್ರ ಸೀದಾ ಪಿಎಚ್‌ಡಿಗೆ ಹೋಗಬಹುದು ಅಂತ ಹೇಳ್ತಾರ, ಅದು ಸುಳ್ಳಲ್ಲ, ನಾಲ್ಕು ವರ್ಷದ ಡಿಗ್ರ್ಯಾಗ ಶೇ 75 ಇದ್ರ ನೆಟ್ ಬರದು ಪಿಎಚ್‌ಡಿಗೆ ಹೋಗಾಕ 2024ರಿಂದ ಅವಕಾಶ ಐತಿ, ಮೀಸಲಾತಿ ಇದ್ದವರಿಗೆ ಶೇ 5 ಸಡಿಲಿಕೆ. ಆದ್ರ ಕೆಮಿಸ್ಟ್ರಿ ಅಂದ್ರ ಯುಜಿಸಿ ನೆಟ್ ಅಲ್ಲವಾ, ವಿಜ್ಞಾನದವರಿಗೆ ಇರೋ ಸಿಎಸ್‌ಐಆರ್ ನೆಟ್. ಆ ಪೇಪರ್ ಎಂಎಸ್ಸಿ ಮುಗಿಸಿದವರಿಗೇ ಬೆವರು ಇಳಸ್ತೈತಿ. ನಮ್ಮಂಥಾ ಕಾಲೇಜಿನ್ಯಾಗ ಬಿಎಸ್ಸಿ ಓದಿ, ಎಂಎಸ್ಸಿ ಪಾಠನ ಕೇಳದ ಅದನ್ನ ಪಾಸ್ ಮಾಡೋ ಹುಡುಗ್ರು ಇರಬಹುದು, ನಾ ಇನ್ನೂ ನೋಡಿಲ್ಲ.

ನನ್ನ ಕೇಳಿದ್ರ ಮೂರಕ್ಕ ಮುಗಿಸಿ ಎಂಎಸ್ಸಿಗೆ ಹೋಗು. ಫೆಬ್ರುವರಿ ಒಳಗ ಜ್ಯಾಮ್ ಅನ್ನೋ ಪ್ರವೇಶ ಪರೀಕ್ಷೆ ಇರ್ತೈತಿ, ಐಐಟಿಗಳ ಎಂಎಸ್ಸಿಗೆ, ಮಾರ್ಚ್ ಹೊತ್ತಿಗೆ ಸಿಯುಇಟಿ ಪಿಜಿ ಅನ್ನೋ ಇನ್ನೊಂದು ಪರೀಕ್ಷೆ, ಕಲಬುರಗಿ ಹತ್ರ ಕಡಗಂಚಿಯ ಸೆಂಟ್ರಲ್ ಯೂನಿವರ್ಸಿಟಿಗೂ ಅದರ ಮ್ಯಾಲ ಹೋಗಬಹುದು. ನಮ್ಮ ಹುಡುಗ್ರಿಗೆ ಇವುಗಳ ಹೆಸರ ಗೊತ್ತಿರಂಗಿಲ್ಲ, ಅದ ದೊಡ್ಡ ನಷ್ಟ. ಈ ವರ್ಷ ತಪ್ಪಿದ್ರ ನಮ್ಮ ಸ್ಟೇಟ್ ಯೂನಿವರ್ಸಿಟಿ ಅದಾವಲ್ಲ, ಅವುಗಳ ಅಡ್ಮಿಷನ್ ಪೋರ್ಟಲ್ ಯುಯುಸಿಎಂಎಸ್‌ನ್ಯಾಗ ಅರ್ಜಿ ಹಾಕು.

ಬ್ಯಾಕ್‌ಲಾಗ್ ಬಗ್ಗೆ: ಹಳೇ ಸ್ಕೀಮಿನವರಿಗೆ ರಿಪೀಟರ್ ಎಕ್ಸಾಮ್ ಬ್ಯಾರೆ ನಡಸ್ತಾರ, ಅಂಜಬ್ಯಾಡ. ಪಾಠ ಯಾರೂ ಮಾಡಂಗಿಲ್ಲ, ಅದು ಖರೆ. ಹಳೇ ಕ್ವಶ್ಚನ್ ಪೇಪರ್ ಲೈಬ್ರರ್ಯಾಗ ಜೆರಾಕ್ಸ್ ಮಾಡಿಸ್ಕೊ. ಓಪನ್ ಎಲೆಕ್ಟಿವ್ ಪೇಪರ್ ಅಷ್ಟ ಕಠಿಣ ಇರಂಗಿಲ್ಲ. ಎಕ್ಸಾಮ್ ಫೀ ಕಟ್ಟೋ ಕೊನೇ ದಿನಾಂಕ ಮಾತ್ರ ನೀನ ಕಾಯಬೇಕು, ಬ್ಯಾಕ್‌ಲಾಗ್ ಇದ್ದವರಿಗೆ ಯಾರೂ ಫೋನ್ ಮಾಡಿ ಹೇಳಂಗಿಲ್ಲ.

ಕಾಮೆಂಟ್_ಕೃಷ್ಣ:

ಎಲ್ಲಾ ಈ ಸರ್ಕಾರದ ರಾಜಕೀಯ ಅಷ್ಟೇ, ನಡೀತಿದ್ದ ಎನ್‌ಇಪಿ ಕಿತ್ತಾಕಿ ಮಕ್ಕಳ ಭವಿಷ್ಯ ಹಾಳ್ ಮಾಡಿದ್ರು.

ಮೊದಲ_ಬ್ಯಾಚ್:

@ಕಾಮೆಂಟ್_ಕೃಷ್ಣ ಅಣ್ಣಾ ನಡೀತಿದ್ದಿದ್ದನ್ನ ನಾವು ಒಳಗಿದ್ದು ನೋಡಿದೀವಿ. 2021ರ ಆಗಸ್ಟ್‌ನಲ್ಲಿ ಆರ್ಡರ್ ಬಂತು, ಅದೇ ವರ್ಷ ಅಡ್ಮಿಷನ್, ದೇಶದಲ್ಲೇ ಮೊದಲು ನಾವು ಅಂತ ಹೆಸರು ಮಾಡ್ಕೊಂಡ್ರು, ಕೋವಿಡ್ ಇನ್ನೂ ಮುಗಿದಿರ್ಲಿಲ್ಲ, ಸಿಲಬಸ್ ಪಿಡಿಎಫ್ ಬರೋಕ್ ಮುಂಚೆ ಕ್ಲಾಸ್ ಶುರುವಾಯ್ತು. ಅದರ ಜೊತೆಗೇ ಯುಯುಸಿಎಂಎಸ್ ಅಂತ ಹೊಸ ಪೋರ್ಟಲ್. ಇಂಟರ್ನಲ್ಸ್ ಅಪ್‌ಲೋಡ್ ಆಗಿಲ್ಲ ಅಂತ ನಂಗೆ ಒಂದು ಸೆಮ್ ರಿಸಲ್ಟಲ್ಲಿ ಆಬ್ಸೆಂಟ್ ಬಂದಿತ್ತು, ಸರಿ ಮಾಡ್ಸೋಕೆ ಅಲೆದಿದ್ದು ನಂಗೆ ಗೊತ್ತು. ಆಮೇಲೆ ಬಂದ ಈ ಸರ್ಕಾರದೋರು 2023ರಲ್ಲಿ ತೆಗಿತೀವಿ ಅಂದ್ರು, ಎಸ್‌ಇಪಿ ಮಾಡೋಕೆ ಸುಖದೇವ್ ಥೋರಟ್ ಅವರ ಆಯೋಗ ಮಾಡಿದ್ರು, ಅವರ ಮಧ್ಯಂತರ ವರದಿ ಮೇಲೆ ಡಿಗ್ರಿ ಮೂರು ವರ್ಷ ಆಯ್ತು, ಅಂತಿಮ ವರದಿ ಬಂದಿದ್ದು 2025ರ ಆಗಸ್ಟಲ್ಲಿ. ತಂದೋರಿಗೂ ಅರ್ಜೆಂಟು, ತೆಗೆದೋರಿಗೂ ಅರ್ಜೆಂಟು. ಮೂರು ವರ್ಷದ ಡಿಗ್ರಿನೇ ನಮ್ ಊರಿನ ಬಡ ಮಕ್ಕಳಿಗೆ ಸರಿ ಅಂತ ನಂಗೂ ಅನ್ಸುತ್ತೆ, ಆದ್ರೆ ಮಧ್ಯದಲ್ಲಿ ಸಿಕ್ಕಾಕೊಂಡ ಮೂರು ಬ್ಯಾಚಿಗೆ ಏನು ಅಂತ ಒಂದು ಹೆಲ್ಪ್‌ಲೈನ್ ನಂಬರ್ರಾದ್ರೂ ಕೊಡ್ಬೋದಿತ್ತು.

ಕಾಮೆಂಟ್_ಕೃಷ್ಣ:

ಸರಿ ಬಿಡಪ್ಪ, ನಾನ್ ಡಿಗ್ರಿ ಮುಗಿಸಿ ಇಪ್ಪತ್ತು ವರ್ಷ ಆಯ್ತು, ಪೇಪರಲ್ಲಿ ಓದಿದ್ ಹೇಳ್ದೆ

ಸ್ಕಾಲರ್‌ಶಿಪ್_ಅಕ್ಕ:

ದುಡ್ಡಿನ ವಿಷಯ ಯಾರೂ ಹೇಳ್ಲಿಲ್ವಲ್ಲ, ನಾನು ಹೇಳ್ತೀನಿ, ಸೈಬರ್ ಸೆಂಟರ್ ಇಟ್ಕೊಂಡಿದೀನಿ, ದಿನಾ ಎಸ್‌ಎಸ್‌ಪಿ (ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿ ಹಾಕೋದೇ ಕೆಲಸ. ನಾಲ್ಕನೇ ವರ್ಷ ಆಗ್ಲಿ ಎಂಎಸ್ಸಿ ಆಗ್ಲಿ, ಮೊದ್ಲು ಯುಯುಸಿಎಂಎಸ್‌ನಲ್ಲಿ ನಿಮ್ ಅಡ್ಮಿಷನ್ ಅಪ್ರೂವ್ ಆಗಿರ್ಬೇಕು, ಕಾಲೇಜಲ್ಲಿ ಫೀಸ್ ಕಟ್ಟಿದ್ ರಸೀದಿ ಇದ್ರೆ ಸಾಲಲ್ಲ, ಎಸ್‌ಎಸ್‌ಪಿ ಅಲ್ಲಿಂದಾನೇ ಡೇಟಾ ಎಳ್ಕೊಳ್ಳೋದು. ಅಡ್ಮಿಷನ್ ತಡ ಆದ್ರೆ ಅರ್ಜಿ ತಡ, ಅರ್ಜಿ ತಡ ಆದ್ರೆ ಕೊನೇ ದಿನ ಸರ್ವರ್ ಡೌನು, ಪ್ರತಿ ವರ್ಷ ಇದೇ ಹಾಡು.

ಅಪ್ಪ ರೈತರು ಅಂದ್ರಿ, ರೈತ ವಿದ್ಯಾನಿಧಿ ಬರ್ತಿದೆಯಾ? ಡಿಗ್ರಿಗೆ ಹುಡುಗೀರಿಗೆ 5,500 ಅಂತ ಇಟ್ಟಿದ್ರು, ಪಿಜಿಗೆ 11,000. ಅಪ್ಪನ ಜಮೀನಿಗೆ ಫ್ರೂಟ್ಸ್ ಐಡಿ (ರೈತರ ನೋಂದಣಿ ನಂಬರ್) ಆಗಿರ್ಬೇಕು, ಆಗಿಲ್ಲ ಅಂದ್ರೆ ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಸಿ. ಆಮೇಲೆ ಮುಖ್ಯವಾದ್ದು, ದುಡ್ಡು ಹೋಗೋದು ಆಧಾರ್‌ಗೆ ಎನ್‌ಪಿಸಿಐ ಮ್ಯಾಪಿಂಗ್ ಆಗಿರೋ, ಅಂದ್ರೆ ಸರ್ಕಾರಿ ದುಡ್ಡಿಗೆ ಆಧಾರ್ ಜೋಡಿಸಿರೋ ಅಕೌಂಟಿಗೆ, ನೀವು ಪಾಸ್‌ಬುಕ್ ಹಿಡ್ಕೊಂಡು ಕಾಯ್ತಿರೋ ಅಕೌಂಟಿಗೆ ಅಲ್ಲ. ಮೊನ್ನೆ ಒಬ್ಬ ಹುಡುಗ ಎರಡು ವರ್ಷದಿಂದ ಸ್ಕಾಲರ್‌ಶಿಪ್ಪೇ ಬಂದಿಲ್ಲ ಅಂತ ಬಂದ, ನೋಡಿದ್ರೆ ಹೈಸ್ಕೂಲಲ್ಲಿ ಓಪನ್ ಮಾಡಿಸಿದ್ ಅಕೌಂಟಲ್ಲಿ ಪೂರ್ತಿ ಬಿದ್ದಿದೆ, ಎಟಿಎಂ ಕಾರ್ಡ್ ಇಲ್ಲ ಏನಿಲ್ಲ, ಆ ಬ್ಯಾಂಕು ಇರೋದೇ ಅವ್ನು ಮರೆತಿದ್ದ.

ಮನೇಲಿ ಯಾರಾದ್ರೂ ಯುವನಿಧಿ 3,000 ಬರುತ್ತೆ ಓದೋದ್ ಬಿಡು ಅಂದ್ರೆ ಕೇಳ್ಬೇಡಿ. ಪಾಸಾಗಿ 180 ದಿನ ಕೆಲಸ ಇಲ್ದೆ ಇರ್ಬೇಕು, ಮುಂದೆ ಓದ್ತಿದ್ರೆ ಕೊಡಲ್ಲ, ಕೊಟ್ರೂ ಎರಡು ವರ್ಷ ಅಷ್ಟೇ.

ಜರ್ಮನಿ_ಚಳಿ:

ಒಂದೇ ಒಂದು ಪಾಯಿಂಟ್ ಸೇರಿಸ್ತೀನಿ. ವಿದೇಶದಲ್ಲಿ ಮಾಸ್ಟರ್ಸ್ ಮಾಡೋ ಯೋಚನೆ ಸ್ವಲ್ಪ ಇದ್ರೂ ಲೆಕ್ಕ ಬದಲಾಗುತ್ತೆ. ಅಮೆರಿಕದಲ್ಲಿ ತುಂಬಾ ಯೂನಿವರ್ಸಿಟಿಗಳು ಹದಿನಾರು ವರ್ಷದ ಓದು ಕೇಳ್ತವೆ, ಅಲ್ಲಿ ನಾಲ್ಕು ವರ್ಷದ ಡಿಗ್ರಿಗೆ ಬೆಲೆ ಇದೆ. ಯುಕೆಲಿ ಮೂರು ವರ್ಷ ನಡೆಯುತ್ತೆ. ಇಲ್ಲಿ ಜರ್ಮನಿಲಿ ಕೋರ್ಸು, ಯೂನಿವರ್ಸಿಟಿ ನೋಡ್ಕೊಂಡು ಹೇಳ್ಬೇಕು, ನಮ್ಮ ಕಡೆ ಡಿಗ್ರಿಲಿ ಎಷ್ಟು ಕ್ರೆಡಿಟ್ ಕೆಮಿಸ್ಟ್ರಿ ಮಾಡಿದೀರಿ ಅಂತ ಎಣಿಸ್ತಾರೆ. ಯೋಗ, ಡಿಜಿಟಲ್ ಫ್ಲುಯೆನ್ಸಿ, ಹೆಲ್ತ್ ಅಂಡ್ ವೆಲ್‌ನೆಸ್ ಎಲ್ಲ ಮಾರ್ಕ್ಸ್ ಕಾರ್ಡಲ್ಲಿ ಚೆಂದ ಕಾಣುತ್ತೆ, ಆ ಎಣಿಕೆಗೆ ಬರಲ್ಲ. ವಿದೇಶದ ಯೋಚನೆ ಇಲ್ಲ ಅಂದ್ರೆ ಇದನ್ನ ಮರೆತುಬಿಡಿ.

ಶಿರಾ_ಸೀಮೆ_ಹುಡುಗಿ:

ಅಯ್ಯೋ ಇಷ್ಟೊಂದು ರಿಪ್ಲೈ ಬರುತ್ತೆ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ವಿದೇಶ ಎಲ್ಲ ಇಲ್ಲ, ಬೆಂಗಳೂರಿಗೆ ಕಳ್ಸೋದೇ ಕಷ್ಟ ನಮ್ಮನೇಲಿ. ಧಾರವಾಡದ ಸರ್ ಹೇಳಿದ್ ಮೇಲೆ ಎಂಎಸ್ಸಿಗೆ ಹೋಗೋದು ಅಂತ ಮನಸ್ಸು ಗಟ್ಟಿಯಾಗ್ತಿದೆ, ಆದ್ರೂ ಒಂದು ಡೌಟು. ಈಗ್ಲೇ ಎಂಎಸ್ಸಿ ಸೀಟ್ ಸಿಗ್ಲಿಲ್ಲ ಅಂದ್ರೆ ಒಂದು ವರ್ಷ ಮನೇಲಿ ಕೂರೋದಕ್ಕಿಂತ ಆನರ್ಸ್ ಮಾಡ್ತಾ ಜ್ಯಾಮ್‌ಗೆ ಓದ್ಕೊಳ್ಳೋದು ಒಳ್ಳೇದಲ್ವಾ? ಮನೇಲಿ ಕೂತ್ರೆ ಗಂಡು ನೋಡೋಕ್ ಶುರು ಮಾಡ್ತಾರೆ, ಅದೂ ಇದೆ.

ಪೇಡೆ_ನಗರಿ_ಅತಿಥಿ:

ಅದು ಸರಿಯಾದ ಲೆಕ್ಕ ತಂಗಿ. ಸೀಟ್ ಸಿಗದಿದ್ರ ಮಾಡು, ಸಿಕ್ರ ಬ್ಯಾಡ. ಆದ್ರ ನಿಮ್ಮ ಯೂನಿವರ್ಸಿಟಿ ನಿಮ್ಮ ಬ್ಯಾಚಿಗೆ ನಾಲ್ಕನೇ ವರ್ಷ ನಡಸ್ತೈತಿ ಇಲ್ಲ ಅಂತ ಬರವಣಿಗ್ಯಾಗ ಕೇಳು. ಪ್ರಿನ್ಸಿಪಾಲರ ಮೂಲಕ ರಿಜಿಸ್ಟ್ರಾರ್‌ಗೆ ಒಂದು ಅರ್ಜಿ, ನಾಕು ಮಂದಿ ಗೆಳತೇರ ಸಹಿ ಹಾಕಿಸಿ ಕೊಡು, ಒಂದು ಪ್ರತಿಗೆ ಆಫೀಸಿನ ಸೀಲ್ ಹಾಕಿಸ್ಕೊಂಡು ನಿನ್ನ ಹತ್ರ ಇಟ್ಕೊ. ಬಾಯಿ ಮಾತಿನ್ಯಾಗ ಕೇಳಿದ್ರ ಸರ್ಕ್ಯುಲರ್ ಬರ್ಲಿ ಅಂತಾರ, ಸೀಲ್ ಬಿದ್ದ ಅರ್ಜಿಗೆ ಏನರ ಉತ್ತರ ಕೊಡಬೇಕಾಕ್ಕೈತಿ.

ಕ್ಯೂಸಿ_ಶಿಫ್ಟ್:

ಕಂಪ್ನಿ ಕಡೆಯಿಂದ ಒಂದ್ಮಾತು. ಇಂಟರ್‌ವ್ಯೂಲಿ ಮೂರು ವರ್ಷನಾ ನಾಲ್ಕು ವರ್ಷನಾ ಅಂತ ನಮ್ ಕಡೆ ಯಾರೂ ಕೇಳಲ್ಲ, ಎಚ್‌ಪಿಎಲ್‌ಸಿ (ಔಷಧ ಟೆಸ್ಟ್ ಮಾಡೋ ಮೆಷಿನ್) ಮುಟ್ಟಿದೀಯಾ ಅಂತ ಕೇಳ್ತಾರೆ. ಆರನೇ ಸೆಮ್ ಇಂಟರ್ನ್‌ಶಿಪ್ ಇದೆಯಲ್ಲ ನಿಮಗೆ, ಅದನ್ನ ಕಾಲೇಜಲ್ಲೇ ಸೈನ್ ಹಾಕಿಸ್ಕೊಂಡು ಮುಗಿಸ್ಬೇಡಿ. ವಸಂತನರಸಾಪುರ ಇಂಡಸ್ಟ್ರಿಯಲ್ ಏರಿಯಾ ನಿಮಗೆ ಹತ್ತಿರ, ಯಾವುದಾದ್ರೂ ಲ್ಯಾಬ್ ಇರೋ ಫ್ಯಾಕ್ಟರಿಗೆ ಕಾಲೇಜ್ ಲೆಟರ್ ತಗೊಂಡು ಹೋಗಿ ಕೇಳಿ. ಗೇಟಲ್ಲಿ ಸೆಕ್ಯೂರಿಟಿ ಒಳಗೆ ಬಿಡಲ್ಲ, ಎಚ್‌ಆರ್ ಮೇಲ್ ಐಡಿ ಇಸ್ಕೊಂಡು ಬನ್ನಿ.

ಶಿರಾ_ಸೀಮೆ_ಹುಡುಗಿ:

ಸರ್ ಇಂಟರ್ನ್‌ಶಿಪ್‌ಗೆ ಹುಡುಗೀರ್ನ ತಗೋತಾರಾ ಅಲ್ಲಿ? ನಾವು ಮೂರು ಜನ ಇದೀವಿ, ಲೆಟರ್ ಸೋಮವಾರ ಕೇಳ್ತೀವಿ.

ಕ್ಯೂಸಿ_ಶಿಫ್ಟ್:

ನಮ್ ಲ್ಯಾಬಲ್ಲಿ ಅರ್ಧಕ್ಕರ್ಧ ಹುಡುಗೀರೇ ಇರೋದು. ಜನರಲ್ ಶಿಫ್ಟ್ ಕೇಳಿ, ಬಸ್ ಟೈಮಿಂಗ್ ನೋಡ್ಕೊಳ್ಳಿ. ಮೆಸೇಜ್ ಮಾಡಿ, ಲೆಟರ್ ಹೆಂಗೆ ಬರೀಬೇಕು ಅಂತ ಕಳಿಸ್ತೀನಿ.